ಪರದೆ ಬದಲಾಗುವ ಹೊತ್ತು: ಗೇಮ್ ಎಂಜಿನ್‌ಗಳ ಸ್ಕ್ರೀನ್ ನಿರ್ವಹಣೆ ಎಲ್ಲಿಗೆ ಬಂದಿದೆ?

ಒಂದು ಗೇಮ್ ತೆರೆದಾಗಿನಿಂದ ಮುಚ್ಚುವವರೆಗೆ ಆಡುವವರ ಕಣ್ಣಮುಂದೆ ಎಷ್ಟೋ ಪರದೆಗಳು ಬಂದುಹೋಗುತ್ತವೆ. ಕಂಪನಿಯ ಲೋಗೋ, ಮುಖ್ಯ ಮೆನು, ಸೆಟ್ಟಿಂಗ್ಸ್, ಲೆವೆಲ್ ಆಯ್ಕೆ, ಲೋಡಿಂಗ್, ಆಟ, ನಡುವೆ ಪಾಜ್ ಮೆನು, ಕೊನೆಗೆ ಸ್ಕೋರು. ಪ್ರತಿ ಪರದೆಯಲ್ಲೂ ಏನಿರಬೇಕು, ಹೇಗೆ ಕಾಣಬೇಕು ಎಂದು ತಂಡಗಳು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತವೆ. ಒಂದರಿಂದ ಇನ್ನೊಂದಕ್ಕೆ ದಾಟುವುದು ಹೇಗೆ ಎಂಬ ಪ್ರಶ್ನೆ ಮಾತ್ರ ‘ಕೊನೆಗೆ ಒಂದು ಫೇಡ್ ಹಾಕಿದರಾಯಿತು’ ಎಂಬ ಮಾತಿನಲ್ಲಿ ಮುಗಿದುಹೋಗುತ್ತದೆ. ಒಂದರ ಮೇಲೊಂದು ಕೇಳುವ ಎರಡು ಹಾಡು, ಮೆನುಗೆ ಮರಳಿದ ಮೇಲೆ ಅಲುಗಾಡದ ಪರದೆ, ಫೋನ್ ಕರೆ ಮುಗಿಸಿ ಬರುವಷ್ಟರಲ್ಲಿ ಮಾಯವಾದ ಆಟ: ಇಂಥ ಬಹಳಷ್ಟು ತೊಂದರೆಗಳ ಬೇರು ಹುಡುಕಿದರೆ ಸಿಗುವುದು ಈ ದಾಟುವ ಜಾಗದಲ್ಲೇ.

ಪರದೆ ಬದಲಾಗುವಾಗ ಎಂಜಿನ್ ಮೂರು ವಿಷಯಗಳನ್ನು ತೀರ್ಮಾನಿಸಬೇಕಾಗುತ್ತದೆ. ಯಾವುದು ಉಳಿಯಬೇಕು, ಯಾವುದು ಅಳಿಯಬೇಕು? ಆ ಹೊತ್ತಿನಲ್ಲಿ ಬಿದ್ದ ಸ್ಪರ್ಶ ಯಾವ ಪರದೆಗೆ ಸೇರಬೇಕು? ಯಾರ ಗಡಿಯಾರ ನಡೆಯಬೇಕು, ಯಾರದು ನಿಲ್ಲಬೇಕು? ಈ ಮೂರಕ್ಕೂ ಉತ್ತರವನ್ನು ಮೊದಲೇ, ಒಂದೇ ಕಡೆ ಬರೆದಿಟ್ಟ ಆಟ ಗಟ್ಟಿಯಾಗಿ ನಿಲ್ಲುತ್ತದೆ. ಹತ್ತು ಕಡೆ ಚೆಲ್ಲಿದ ಆಟ ಎಷ್ಟೇ ಚೆಂದವಿದ್ದರೂ ಕೈಕೊಡುತ್ತದೆ. ಕಳೆದ ಮೂರ್ನಾಲ್ಕು ದಶಕಗಳಲ್ಲಿ ಬಂದ ಉಪಾಯಗಳನ್ನೂ ಇಂದಿನ ಎಂಜಿನ್‌ಗಳ ರೀತಿನೀತಿಗಳನ್ನೂ ಈ ಅಳತೆಗೋಲಿನಿಂದಲೇ ನೋಡುವುದು ಈ ಲೇಖನದ ಉದ್ದೇಶ.

ಯಂತ್ರದ ಮಿತಿಯಿಂದ ಹುಟ್ಟಿದ ಜಾಣ್ಮೆ

ಈ ಕಲೆಯನ್ನು ಬೆಳೆಸಿದ್ದು ಯಂತ್ರಗಳ ಬಡತನ. 1986ರ ‘ದಿ ಲೆಜೆಂಡ್ ಆಫ್ ಜೆಲ್ಡಾ’ದಲ್ಲಿ ನಾಯಕ ಪರದೆಯ ಅಂಚು ಮುಟ್ಟಿದರೆ ಆಟ ಅರೆಗಳಿಗೆ ನಿಂತು, ಪಕ್ಕದ ಪರದೆ ಸರಿದು ಬರುತ್ತದೆ. ಹಾಗೆ ಸರಿಯುವುದನ್ನು ನೋಡಿದವರಿಗೆ ತಾವು ಯಾವ ದಿಕ್ಕಿಗೆ ಹೋದೆವೆಂಬುದು ಬೇರೆ ಹೇಳಬೇಕಾಗಿಲ್ಲ. ಪರದೆ ಸುಮ್ಮನೆ ಬದಲಾಗಿದ್ದರೆ ಆ ನಕ್ಷೆ ತಲೆಯಲ್ಲಿ ಕೂರುತ್ತಿರಲಿಲ್ಲ.

ಸಿಡಿಯ ಜೊತೆಗೆ ಕಾಯುವ ಕಷ್ಟವೂ ಬಂತು. 1994ರಲ್ಲಿ ಬಂದ ಮೊದಲ ಪ್ಲೇಸ್ಟೇಷನ್‌ನ ಸಿಡಿ ಡ್ರೈವ್ ಸೆಕೆಂಡಿಗೆ ಸುಮಾರು 300 ಕಿಲೋಬೈಟ್ ಓದುತ್ತಿತ್ತು. ಮುಖ್ಯ ಮೆಮೊರಿ 2 ಮೆಗಾಬೈಟ್. ಅದನ್ನು ಪೂರ್ತಿ ತುಂಬಲು ಏಳು ಸೆಕೆಂಡಿನಷ್ಟು ಬೇಕು. 1996ರ ‘ರೆಸಿಡೆಂಟ್ ಈವಿಲ್’ ಈ ಕಾಯುವಿಕೆಯನ್ನು ಕಥೆಯೊಳಕ್ಕೇ ತಂದಿತು: ಕತ್ತಲಲ್ಲಿ ಒಂದು ಬಾಗಿಲು ಮೆಲ್ಲಗೆ ತೆರೆದುಕೊಳ್ಳುತ್ತದೆ, ಅಷ್ಟರಲ್ಲಿ ಮುಂದಿನ ಕೋಣೆ ಸಿಡಿಯಿಂದ ಮೆಮೊರಿಗೆ ಬಂದಿರುತ್ತದೆ. ಆಡುವವರಿಗೆ ಅದು ಭಯದ ಕ್ಷಣ, ಯಂತ್ರಕ್ಕೆ ಉಸಿರಾಡುವ ಬಿಡುವು. ನಮ್ಮ ಕಂಪನಿ ನಾಟಕಗಳಲ್ಲಿ ಮುಂದಿನ ಪರದೆ ಇಳಿಬಿಟ್ಟು ಹಾಸ್ಯಗಾರರು ಜನರನ್ನು ನಗಿಸುತ್ತಿದ್ದಾಗ, ಹಿಂದೆ ದರ್ಬಾರಿನ ಸೀನು ಕಟ್ಟಿ ಮುಗಿಯುತ್ತಿದ್ದುದು ಇದೇ ಲೆಕ್ಕಾಚಾರದಲ್ಲಿ.

ನಾಮ್ಕೊ ಕಂಪನಿ ‘ರಿಡ್ಜ್ ರೇಸರ್’ ಲೋಡ್ ಆಗುವ ಹೊತ್ತಿಗೆ ತನ್ನದೇ ಹಳೆಯ ‘ಗ್ಯಾಲಾಕ್ಸಿಯನ್’ ಆಟವನ್ನು ಆಡಲು ಕೊಟ್ಟಿತು. ಲೋಡಿಂಗ್ ನಡುವೆ ಪುಟ್ಟ ಆಟ ಕೊಡುವ ಈ ಉಪಾಯಕ್ಕಾಗಿ ಕಂಪನಿಗೆ 1998ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಅದರ ಅವಧಿ ಮುಗಿದದ್ದು 2015ರಲ್ಲಿ. 2007ರ ‘ಮಾಸ್ ಎಫೆಕ್ಟ್’ ಲಿಫ್ಟುಗಳಲ್ಲಿ ಪಾತ್ರಗಳನ್ನು ಮಾತಾಡಿಸುತ್ತ ಹೊತ್ತು ಕಳೆಯಿತು. 2020ರ ಪ್ಲೇಸ್ಟೇಷನ್ 5ರ ಎಸ್‌ಎಸ್‌ಡಿ ಸೆಕೆಂಡಿಗೆ 5.5 ಗಿಗಾಬೈಟ್ ಓದುತ್ತದೆ, ಅಂದರೆ ಆ ಹಳೆಯ ಸಿಡಿ ಡ್ರೈವಿಗಿಂತ ಹದಿನೆಂಟು ಸಾವಿರ ಪಟ್ಟು ವೇಗ. ಮರುವರ್ಷದ ‘ರ‍್ಯಾಚೆಟ್ ಅಂಡ್ ಕ್ಲ್ಯಾಂಕ್: ರಿಫ್ಟ್ ಅಪಾರ್ಟ್’ ಒಂದು ಲೋಕದಿಂದ ಇನ್ನೊಂದಕ್ಕೆ ಕಣ್ಣೆವೆಯಿಕ್ಕುವುದರೊಳಗೆ ಜಿಗಿಯುವುದನ್ನೇ ತನ್ನ ವೈಶಿಷ್ಟ್ಯ ಮಾಡಿಕೊಂಡಿತು.

ಇಷ್ಟು ವೇಗ ಬಂದರೂ ಮೊದಲು ಹೇಳಿದ ಮೂರು ಪ್ರಶ್ನೆಗಳು ಹಾಗೆಯೇ ಇವೆ. ಕಾಯುವ ಹೊತ್ತು ಕಡಿಮೆಯಾಯಿತು, ಜವಾಬ್ದಾರಿ ಕಡಿಮೆಯಾಗಲಿಲ್ಲ. ನಮ್ಮಲ್ಲಿ ಹೆಚ್ಚಿನವರು ಆಡುವ ಸಾಧಾರಣ ಬೆಲೆಯ ಫೋನುಗಳಲ್ಲಂತೂ ಮೆಮೊರಿಯ ಇಕ್ಕಟ್ಟು ಇಂದಿಗೂ ನಿಜ.

ಬಾವುಟಗಳಿಂದ ಸ್ಟ್ಯಾಕ್‌ವರೆಗೆ

ಹೊಸದಾಗಿ ಗೇಮ್ ಬರೆಯುವವರು ಸಾಮಾನ್ಯವಾಗಿ ಬಾವುಟಗಳಿಂದ ಶುರುಮಾಡುತ್ತಾರೆ. ‘ಮೆನುವಿನಲ್ಲಿದ್ದೇವೆಯೇ’, ‘ಪಾಜ್ ಆಗಿದೆಯೇ’, ‘ಆಟ ಮುಗಿದಿದೆಯೇ’ ಎಂದು ಮೂರು ಹೌದು-ಅಲ್ಲಗಳು. ಮೂರು ಬಾವುಟ ಸೇರಿದರೆ ಎಂಟು ಸ್ಥಿತಿಗಳಾಗುತ್ತವೆ, ಅರ್ಥವಿರುವುದು ನಾಲ್ಕಕ್ಕೆ ಮಾತ್ರ. ಮಿಕ್ಕ ನಾಲ್ಕು ದೋಷಗಳಿಗೆ ಬಾಗಿಲು. ಆಟ ಮುಗಿದ ಮೇಲೂ ಪಾಜ್ ಬಟನ್ ಒತ್ತಲು ಬರುವ ಗೇಮ್‌ಗಳು ಹುಟ್ಟುವುದು ಹೀಗೆ.

ಅದಕ್ಕಿಂತ ವಾಸಿಯಾದದ್ದು ಸ್ಟೇಟ್ ಮಷೀನ್. ಒಂದು ಸಮಯಕ್ಕೆ ಒಂದೇ ಸ್ಥಿತಿ, ಯಾವುದರಿಂದ ಯಾವುದಕ್ಕೆ ಹೋಗಬಹುದೆಂಬುದೂ ಮೊದಲೇ ಬರೆದಿರುತ್ತದೆ. ಸಣ್ಣ ಆಟಕ್ಕೆ ಇಷ್ಟು ಸಾಕು. ಆದರೆ ಅದಕ್ಕೆ ನೆನಪಿಲ್ಲ. ಸೆಟ್ಟಿಂಗ್ಸ್ ಪರದೆಗೆ ಮುಖ್ಯ ಮೆನುವಿನಿಂದಲೂ ಬರಬಹುದು, ಆಟದ ನಡುವಿನ ಪಾಜ್‌ನಿಂದಲೂ ಬರಬಹುದು. ‘ಹಿಂದೆ’ ಒತ್ತಿದಾಗ ಎಲ್ಲಿಗೆ ಮರಳಬೇಕೆಂಬುದು ಅದಕ್ಕೆ ತಿಳಿಯದು.

ಆ ನೆನಪನ್ನು ಕೊಡುವುದು ಸ್ಟ್ಯಾಕ್. ಹೊಸ ಪರದೆ ಹಳೆಯದರ ಮೇಲೆ ಕೂರುತ್ತದೆ, ಮೇಲಿನದನ್ನು ತೆಗೆದರೆ ಕೆಳಗಿನದು ಇದ್ದ ಸ್ಥಿತಿಯಲ್ಲೇ ಸಿಗುತ್ತದೆ. ರಾಬರ್ಟ್ ನಿಸ್ಟ್ರಾಮ್ ಅವರ 2014ರ ‘ಗೇಮ್ ಪ್ರೋಗ್ರಾಮಿಂಗ್ ಪ್ಯಾಟರ್ನ್ಸ್’ ಪುಸ್ತಕವು ಸ್ಟೇಟ್ ಮಷೀನ್‌ನಿಂದ ಸ್ಟ್ಯಾಕ್‌ವರೆಗಿನ ಈ ದಾರಿಯನ್ನು ಬಿಡಿಸಿ ಹೇಳುತ್ತದೆ. ಅದಕ್ಕೂ ಮೊದಲೇ ಮೈಕ್ರೋಸಾಫ್ಟ್‌ನ ಗೇಮ್ ಚೌಕಟ್ಟಾದ ಎಕ್ಸ್‌ಎನ್‌ಎ ಜೊತೆ ಸಿಗುತ್ತಿದ್ದ ‘ಗೇಮ್ ಸ್ಟೇಟ್ ಮ್ಯಾನೇಜ್‌ಮೆಂಟ್’ ಮಾದರಿ ಅನೇಕರಿಗೆ ಪಾಠವಾಗಿತ್ತು. ಅದರಲ್ಲಿ ಪ್ರತಿ ಪರದೆಗೂ ನಾಲ್ಕು ಸ್ಥಿತಿ: ಒಳಬರುತ್ತಿದೆ, ಚಾಲ್ತಿಯಲ್ಲಿದೆ, ಹೊರಹೋಗುತ್ತಿದೆ, ಮರೆಯಾಗಿದೆ. ಒಳಬರಲು ಎಷ್ಟು ಹೊತ್ತು, ಹೊರಹೋಗಲು ಎಷ್ಟು ಹೊತ್ತು ಎಂಬುದು ಪರದೆಯದೇ ಗುಣ. ಪಾಪ್-ಅಪ್ ಆದರೆ ಕೆಳಗಿನ ಪರದೆ ಮರೆಯಾಗಬೇಕಾಗಿಲ್ಲ ಎಂಬುದಕ್ಕೂ ಒಂದು ಗುರುತು. ಸ್ಪರ್ಶ ಅಥವಾ ಕೀ ಒತ್ತು ತಲುಪುವುದು ಎಲ್ಲಕ್ಕಿಂತ ಮೇಲಿನ ಪರದೆಗೆ ಮಾತ್ರ. ಎಕ್ಸ್‌ಎನ್‌ಎ ನಿಂತುಹೋಗಿ ವರ್ಷಗಳಾದರೂ ಈ ವಿನ್ಯಾಸ ಹಳತಾಗಿಲ್ಲ. ದಾಟುವಿಕೆಯನ್ನೂ ಒಂದು ಸ್ಥಿತಿ ಎಂದು ಒಪ್ಪಿಕೊಂಡದ್ದೇ ಅದರ ಹೆಚ್ಚುಗಾರಿಕೆ.

ಸ್ಟ್ಯಾಕ್‌ಗೂ ಮಿತಿಯಿದೆ. ‘ಇಂಟರ್ನೆಟ್ ಸಂಪರ್ಕ ಕಡಿದಿದೆ’ ಎಂಬ ಸೂಚನೆ ಯಾವ ಪರದೆಯ ಮೇಲಾದರೂ ಏಳಬಹುದು. ಅದು ಮೇಲಿದ್ದಾಗ ಆಟದ ಕಡೆಯಿಂದ ಇನ್ನೊಂದು ಮೆನು ಬಂದರೆ ಯಾವುದು ಮೇಲೆ, ಯಾವುದು ಕೆಳಗೆ? ಇದಕ್ಕೆ ಪದರಗಳ ಪದ್ಧತಿ ಬಂದಿದೆ. ಅನ್‌ರಿಯಲ್ ಎಂಜಿನ್ 5ರ ‘ಲೈರಾ’ ಮಾದರಿ ಆಟದಲ್ಲಿ ಯುಐಗೆ ನಾಲ್ಕು ಪದರಗಳಿವೆ: ಗೇಮ್, ಗೇಮ್ ಮೆನು, ಮೆನು, ಮೋಡಲ್. ಪ್ರತಿ ಪದರಕ್ಕೂ ತನ್ನದೇ ಸ್ಟ್ಯಾಕ್. ಫ್ಲಟರ್ ಮೇಲೆ ಕಟ್ಟಿದ ‘ಫ್ಲೇಮ್’ ಎಂಜಿನ್ ಇನ್ನೊಂದು ದಾರಿ ಹಿಡಿದಿದೆ. ಅದರ ರೌಟರ್ ಕಾಂಪೊನೆಂಟ್‌ನಲ್ಲಿ ಪ್ರತಿ ಪರದೆಗೂ ಒಂದು ಹೆಸರು, ಹೆಸರು ಹೇಳಿದರೆ ಪರದೆ ಬರುತ್ತದೆ. ಮರೆಯಾದ ಪರದೆ ತನ್ನ ಸ್ಥಿತಿ ಉಳಿಸಿಕೊಳ್ಳಬೇಕೇ, ಅದರ ಹಿಂದಿನದು ಕಾಣಬೇಕೇ ಎಂಬುದನ್ನು ಅಲ್ಲೇ ಹೇಳಿಡಬಹುದು.

ಎಂಜಿನ್‌ಗಳು ಕೊಡುವ ಉತ್ತರ

ಅರ್ಜೆಂಟೀನಾದಲ್ಲಿ 2008ರಲ್ಲಿ ಹುಟ್ಟಿದ ‘ಕೋಕೋಸ್2ಡಿ’ ತನ್ನ ಪರಿಭಾಷೆಯನ್ನು ಸಿನಿಮಾದಿಂದ ತಂದಿತು: ಡೈರೆಕ್ಟರ್, ಸೀನ್, ಲೇಯರ್. ಸೀನ್ ಬದಲಿಸುವ ಅಧಿಕಾರ ಡೈರೆಕ್ಟರ್ ಒಬ್ಬನಿಗೇ. ಫೇಡ್, ಪುಟ ತಿರುವುವ ಪರಿಣಾಮಗಳೆಲ್ಲ ಸಿದ್ಧವಾಗಿ ಸಿಗುತ್ತವೆ. ಇಲ್ಲೊಂದು ಸೂಕ್ಷ್ಮವನ್ನು ಹತ್ತಿರದಿಂದ ನೋಡಬೇಕು. ಟ್ರಾನ್ಸಿಷನ್ ಇಲ್ಲದೆ ಸೀನ್ ಬದಲಿಸಿದರೆ ಮೊದಲು ಹಳೆಯದರ ‘ಆನ್‌ಎಕ್ಸಿಟ್’ ನಡೆಯುತ್ತದೆ, ಆಮೇಲೆ ಹೊಸದರ ‘ಆನ್‌ಎಂಟರ್’. ಟ್ರಾನ್ಸಿಷನ್ ಹಾಕಿದೊಡನೆ ಈ ಕ್ರಮ ತಲೆಕೆಳಗಾಗುತ್ತದೆ. ಫೇಡ್ ನಡೆಯಬೇಕಾದರೆ ಎರಡೂ ಸೀನ್ ಜೀವಂತವಿರಬೇಕಲ್ಲ? ಹಾಗಾಗಿ ಹೊಸದರ ‘ಆನ್‌ಎಂಟರ್’ ಆರಂಭದಲ್ಲೇ ನಡೆದು, ಹಳೆಯದರ ‘ಆನ್‌ಎಕ್ಸಿಟ್’ ಕೊನೆಗೆ ಬರುತ್ತದೆ. ಹೊಸ ಸೀನ್ ಒಳಬಂದೊಡನೆ ತನ್ನ ಹಾಡು ಶುರುಮಾಡಿದೆ, ಹಳೆಯದು ಹೋಗುವಾಗ ‘ಹಿನ್ನೆಲೆ ಸಂಗೀತ ನಿಲ್ಲಿಸು’ ಎಂದು ಬರೆದಿದ್ದಾರೆ ಎನ್ನಿ. ಫೇಡ್ ಮುಗಿದ ಗಳಿಗೆಯಲ್ಲೇ ಹೊಸ ಹಾಡು ಸತ್ತುಹೋಗುತ್ತದೆ. ಎರಡು ಸೀನ್‌ಗಳ ಕೋಡನ್ನು ಬಿಡಿಬಿಡಿಯಾಗಿ ಎಷ್ಟು ಸಲ ಓದಿದರೂ ತಪ್ಪು ಕಾಣುವುದಿಲ್ಲ, ಏಕೆಂದರೆ ತಪ್ಪಿರುವುದು ಎರಡರ ನಡುವೆ. ಹಾಡಿನ ಒಡೆತನ ಸೀನ್‌ಗಳಿಂದಾಚೆಗೆ, ಎರಡಕ್ಕೂ ಸಾಮಾನ್ಯವಾದ ಒಂದು ಕಡೆ ಇರಬೇಕಿತ್ತು.

ಜಾವಾದ ‘ಲಿಬ್‌ಜಿಡಿಎಕ್ಸ್’ ಇನ್ನೂ ಮಿತಭಾಷಿ. ‘ಸೆಟ್‌ಸ್ಕ್ರೀನ್’ ಎಂದರೆ ಹಳೆಯ ಸ್ಕ್ರೀನ್‌ನ ‘ಹೈಡ್’, ಹೊಸದರ ‘ಶೋ’ ನಡೆಯುತ್ತವೆ, ಅಷ್ಟೇ. ‘ಡಿಸ್ಪೋಸ್’ ತಾನಾಗಿ ನಡೆಯುವುದಿಲ್ಲ. ಚಿತ್ರಗಳು ಜಾವಾದ ಕಸ ಗುಡಿಸುವ ವ್ಯವಸ್ಥೆಯ ಕೈಗೆ ಸಿಗದ ಮೆಮೊರಿಯಲ್ಲಿರುವುದರಿಂದ, ಬಿಡುಗಡೆ ಮಾಡುವುದನ್ನು ಮರೆತರೆ ಪ್ರತಿ ಲೆವೆಲ್‌ಗೂ ಮೆಮೊರಿ ಏರುತ್ತಲೇ ಹೋಗಿ ಒಂದು ದಿನ ಆಟ ಕುಸಿಯುತ್ತದೆ. ಹಳೆಯ ಸ್ಕ್ರೀನ್ ಮತ್ತೆ ಬೇಕಾಗಬಹುದೆಂಬ ಕಾರಣಕ್ಕೆ ಎಂಜಿನ್ ಈ ತೀರ್ಮಾನವನ್ನು ಬರೆಯುವವರಿಗೇ ಬಿಟ್ಟಿದೆ.

ಯೂನಿಟಿಯಲ್ಲಿ 5.3ನೇ ಆವೃತ್ತಿಯಿಂದ ‘ಸೀನ್ ಮ್ಯಾನೇಜರ್’ ಇದೆ. ಸೀನನ್ನು ಒಂಟಿಯಾಗಿ ಲೋಡ್ ಮಾಡಬಹುದು, ಇದ್ದದ್ದರ ಜೊತೆಗೆ ಕೂಡಿಸಿಯೂ ಲೋಡ್ ಮಾಡಬಹುದು. ಸೀನ್ ಬದಲಾದರೂ ಉಳಿಯಬೇಕಾದ ವಸ್ತುಗಳಿಗೆ ‘ಡೋಂಟ್ ಡಿಸ್ಟ್ರಾಯ್ ಆನ್ ಲೋಡ್’ ಎಂಬ ಗುರುತು. ಅನುಕೂಲವೇನೋ ಹೌದು, ಆದರೆ ಈ ಗುರುತು ಹೊತ್ತ ವಸ್ತು ಮುಖ್ಯ ಮೆನುವಿನಲ್ಲೇ ಇದ್ದರೆ, ಮೆನುಗೆ ಮರಳಿದಾಗಲೆಲ್ಲ ಇನ್ನೊಂದು ಪ್ರತಿ ಹುಟ್ಟುತ್ತದೆ. ಎರಡು ಹಾಡು ಒಟ್ಟಿಗೆ ಕೇಳುವುದಕ್ಕೆ ಇದೊಂದು ಸಾಮಾನ್ಯ ಕಾರಣ. ಉಳಿಯಬೇಕಾದ್ದನ್ನೆಲ್ಲ ಎಂದೂ ಅಳಿಯದ ಒಂದು ಮೂಲ ಸೀನ್‌ನಲ್ಲಿಟ್ಟು, ಮಿಕ್ಕ ಸೀನ್‌ಗಳನ್ನು ಅದರ ಜೊತೆಗೆ ಕೂಡಿಸುತ್ತ ಕಳೆಯುತ್ತ ಹೋಗುವುದು ಹೆಚ್ಚು ಶುದ್ಧವಾದ ಕ್ರಮ.

2014ರಲ್ಲಿ ಮುಕ್ತ ತಂತ್ರಾಂಶವಾದ ಗೊಡೋದಲ್ಲಿ ಉಳಿಯಬೇಕಾದವುಗಳಿಗೆ ‘ಆಟೋಲೋಡ್’ ಎಂಬ ಪ್ರತ್ಯೇಕ ಜಾಗವಿದೆ. ಸೀನ್ ಬದಲಿಸಲು ಕೇಳಿದೊಡನೆ ಎಲ್ಲವೂ ಆಗಿಬಿಡುವುದಿಲ್ಲ: ಈಗಿನ ಆವೃತ್ತಿಗಳಲ್ಲಿ ಹಳೆಯದನ್ನು ಸೀನ್‌ಗಳ ಮರದಿಂದ ಕೂಡಲೇ ಕಳಚಿ, ಫ್ರೇಮ್ ಮುಗಿಯುವಾಗ ಅಳಿಸಿ, ಆಮೇಲೆ ಹೊಸದನ್ನು ಸೇರಿಸುತ್ತದೆ. ತಾನು ಓಡುತ್ತಿರುವ ಕೋಡಿನ ಬುಡವನ್ನೇ ಕಡಿಯದಿರಲು ಈ ಎಚ್ಚರ. ಅನ್‌ರಿಯಲ್‌ನಲ್ಲಿ ಲೆವೆಲ್ ಬದಲಾದರೂ ಉಳಿಯುವುದು ‘ಗೇಮ್ ಇನ್‌ಸ್ಟನ್ಸ್’.

ಈ ವಿಷಯದಲ್ಲಿ ನನಗೆ ಅತ್ಯಂತ ಪ್ರಾಮಾಣಿಕವೆನಿಸಿದ್ದು ‘ಡಿಫೋಲ್ಡ್’. ಅದರ ಕಲೆಕ್ಷನ್ ಪ್ರಾಕ್ಸಿಯಲ್ಲಿ ಲೋಡ್ ಮಾಡುವುದು, ಸಜ್ಜುಗೊಳಿಸುವುದು, ಚಾಲೂ ಮಾಡುವುದು, ನಿಲ್ಲಿಸುವುದು, ಮೆಮೊರಿಯಿಂದ ಇಳಿಸುವುದು ಎಲ್ಲವೂ ಬೇರೆಬೇರೆ ಸಂದೇಶಗಳು. ಪ್ರತಿ ಕಲೆಕ್ಷನ್‌ನ ಗಡಿಯಾರವನ್ನೂ ಪ್ರತ್ಯೇಕವಾಗಿ ನಿಧಾನಿಸಬಹುದು, ನಿಲ್ಲಿಸಬಹುದು. ಬರೆಯುವುದು ನಾಲ್ಕು ಸಾಲು ಹೆಚ್ಚಾದರೂ ಮೂರು ಪ್ರಶ್ನೆಗಳಲ್ಲಿ ಎರಡಕ್ಕೆ ಉತ್ತರ ಕೊಡದೆ ಮುಂದೆ ಹೋಗಲು ಅದು ಬಿಡುವುದಿಲ್ಲ.

ಅರ್ಧ ಸೆಕೆಂಡಿನ ಒಳಗೆ

ಕಣ್ಣಿಗೆ ಕಾಣುವ ಪರಿಣಾಮವನ್ನು ಮಾಡುವುದು ಇಂದು ಸುಲಭ. ಪರದೆಯ ಮೇಲೆ ಕಪ್ಪು ಹಾಳೆಯೊಂದನ್ನು ಹಾಸಿ, ಅದನ್ನು ಪಾರದರ್ಶಕದಿಂದ ಗಾಢಕ್ಕೆ ತಂದು, ಮರೆಯಲ್ಲಿ ಸೀನ್ ಬದಲಿಸಿ, ಮತ್ತೆ ತಿಳಿಮಾಡಿದರೆ ಫೇಡ್ ಆಯಿತು. ಕಪ್ಪುಬಿಳುಪಿನ ಚಿತ್ರವೊಂದನ್ನು ಅಚ್ಚಾಗಿಟ್ಟುಕೊಂಡು, ಯಾವ ಚುಕ್ಕೆ ಯಾವಾಗ ಬದಲಾಗಬೇಕೆಂಬುದನ್ನು ಅದರ ಹೊಳಪಿನಿಂದ ನಿರ್ಧರಿಸಿದರೆ ಸುರುಳಿ, ವೃತ್ತ, ಪಟ್ಟಿ ಯಾವ ಆಕಾರವನ್ನಾದರೂ ತರಬಹುದು. ದೃಶ್ಯಕಥೆಗಳಿಗೆ ಹೆಸರಾದ ‘ರೆನ್‌ಪೈ’ಯ ‘ಇಮೇಜ್ ಡಿಸಾಲ್ವ್’ ಕೆಲಸ ಮಾಡುವುದು ಹೀಗೆ. ಒಂದು ದೃಶ್ಯ ಇನ್ನೊಂದರೊಳಗೆ ಕರಗಬೇಕಾದರೆ ಎರಡನ್ನೂ ಬೇರೆಬೇರೆ ಟೆಕ್ಸ್ಚರ್‌ಗಳಿಗೆ ಬರೆದು ಶೇಡರ್‌ನಲ್ಲಿ ಬೆರೆಸಬೇಕು. ಅಷ್ಟು ಹೊತ್ತು ಎರಡು ದೃಶ್ಯಗಳ ಭಾರ ಒಟ್ಟಿಗೆ ಬೀಳುತ್ತದೆ. ಹಳೆಯದರ ಒಂದು ಫ್ರೇಮನ್ನು ಸ್ಥಿರಚಿತ್ರವಾಗಿ ಹಿಡಿದಿಟ್ಟರೆ ಭಾರ ಇಳಿಯುತ್ತದೆ, ನೋಡುವವರಿಗೆ ವ್ಯತ್ಯಾಸ ತಿಳಿಯುವುದು ಅಪರೂಪ.

ಕಷ್ಟವಿರುವುದು ಆ ಹೊತ್ತಿನ ಶಿಸ್ತಿನಲ್ಲಿ. ಸೆಕೆಂಡಿಗೆ 60 ಫ್ರೇಮ್ ಓಡುವ ಆಟದಲ್ಲಿ ಅರ್ಧ ಸೆಕೆಂಡಿನ ಫೇಡ್ ಎಂದರೆ 30 ಫ್ರೇಮ್. ಮೊದಲ ಫ್ರೇಮ್‌ನಲ್ಲಿ ‘ಆಡು’ ಬಟನ್ ಒತ್ತಿದ್ದಾರೆ. ಪರದೆ ಇನ್ನೂ ಅರ್ಧಂಬರ್ಧ ಕಾಣುತ್ತಿರುವಾಗ, ಹನ್ನೆರಡನೇ ಫ್ರೇಮ್‌ನಲ್ಲಿ, ಬೆರಳು ಮತ್ತೆ ಅದೇ ಬಟನ್ ಮೇಲೆ ಬಿತ್ತು. ಬಟನ್ ಇನ್ನೂ ಜೀವಂತವಿದ್ದರೆ ಎರಡನೇ ಲೋಡ್ ಶುರುವಾಗುತ್ತದೆ. ಲೆವೆಲ್‌ಗಳು ಎರಡು, ಶತ್ರುಗಳು ಎರಡು ಪಟ್ಟು, ಸ್ಟ್ಯಾಕ್‌ನಲ್ಲಿ ಒಂದೇ ಪರದೆ ಎರಡು ಸಲ. ಆಟ ಮುಗಿಸಿ ‘ಹಿಂದೆ’ ಒತ್ತಿದರೆ ಮತ್ತದೇ ಆಟ. ಮದ್ದು ಚಿಕ್ಕದು: ಮೊದಲ ಒತ್ತಿನೊಡನೆ ಬೀಗ ಬೀಳಬೇಕು, ಹೊಸ ಪರದೆ ಸಿದ್ಧವಾದ ಮೇಲೆಯೇ ತೆರೆಯಬೇಕು, ನಡುವೆ ಬಂದ ಬೇಡಿಕೆಗಳನ್ನು ಕೈಬಿಡಬೇಕು. ಈ ಬೀಗ ಪ್ರತಿ ಬಟನ್‌ನಲ್ಲಿದ್ದರೆ ಒಂದಲ್ಲ ಒಂದು ಕಡೆ ಮರೆತುಹೋಗುತ್ತದೆ. ಅದು ಪರದೆ ಬದಲಿಸುವ ಮ್ಯಾನೇಜರ್‌ನಲ್ಲೇ ಇರಬೇಕು.

ಗಡಿಯಾರದ ಪ್ರಶ್ನೆಯೂ ಇಷ್ಟೇ ನಾಜೂಕು. ಯೂನಿಟಿಯಲ್ಲಿ ಪಾಜ್ ಮಾಡಲು ಎಲ್ಲರೂ ಹಿಡಿಯುವ ದಾರಿ ‘ಟೈಮ್‌ಸ್ಕೇಲ್’ ಅನ್ನು ಸೊನ್ನೆ ಮಾಡುವುದು. ಆಮೇಲೆ ಪಾಜ್ ಮೆನುವಿನಿಂದ ಮುಖ್ಯ ಮೆನುಗೆ ಹೋಗುವ ಫೇಡ್ ಕೂಡ ಅದೇ ನಿಂತ ಗಡಿಯಾರವನ್ನು ನೋಡಿಕೊಂಡಿದ್ದರೆ, ಅದು ಶುರುವಾಗುವುದೇ ಇಲ್ಲ. ಫೇಡ್ ಇಲ್ಲದೆ ಹೋದರೂ ತೊಂದರೆ ತಪ್ಪದು. ಸೀನ್ ಬದಲಾಯಿತೆಂದು ಟೈಮ್‌ಸ್ಕೇಲ್ ಒಂದಕ್ಕೆ ಮರಳುವುದಿಲ್ಲವಾದ್ದರಿಂದ, ಹೊಸದಾಗಿ ಶುರುಮಾಡಿದ ಆಟವೂ ಕಲ್ಲಾಗಿ ನಿಂತಿರುತ್ತದೆ. ಟ್ರಾನ್ಸಿಷನ್‌ಗಳೆಲ್ಲ ನಿಜವಾದ ಗಡಿಯಾರದ ಮೇಲೆ ನಡೆಯಬೇಕು. ಆಟದ ಗಡಿಯಾರವನ್ನು ನಿಲ್ಲಿಸುವುದೂ ನಡೆಸುವುದೂ ಒಬ್ಬರ ಕೈಯಲ್ಲೇ ಇರಬೇಕು.

ಲೋಡಿಂಗ್ ಮತ್ತು ಫೋನಿನ ನಿಯಮಗಳು

ದೊಡ್ಡ ಲೆವೆಲನ್ನು ಒಂದೇ ಫ್ರೇಮ್‌ನಲ್ಲಿ ತರಲಾಗದು, ಹಿನ್ನೆಲೆಯಲ್ಲಿ ತರಬೇಕು. ಯೂನಿಟಿಯ ‘ಲೋಡ್ ಸೀನ್ ಅಸಿಂಕ್’, ಗೊಡೋದ ಥ್ರೆಡೆಡ್ ಲೋಡಿಂಗ್ ಇರುವುದು ಇದಕ್ಕೇ. ಯೂನಿಟಿಯಲ್ಲಿ ಹೊಸ ಸೀನನ್ನು ತಡೆಹಿಡಿದಿಟ್ಟರೆ ಪ್ರಗತಿಯ ಅಂಕಿ 0.9ಕ್ಕೆ ಬಂದು ನಿಲ್ಲುತ್ತದೆ. ಉಳಿದದ್ದು ಸೀನ್ ಚಾಲೂ ಆಗುವ ಹಂತ. ಇದು ತಿಳಿಯದೆ ಪಟ್ಟಿ ಪೂರ್ತಿ ತುಂಬಲೆಂದು ಕಾಯುವ ಕೋಡ್ ಎಂದೆಂದಿಗೂ ಕಾಯುತ್ತದೆ. ಹಳೆಯದೂ ಹೊಸದೂ ಒಟ್ಟಿಗೆ ಮೆಮೊರಿಯಲ್ಲಿರುವ ಗಳಿಗೆಯೇ ಅತಿ ಹೆಚ್ಚು ಒತ್ತಡದ್ದು. ಕಡಿಮೆ ಮೆಮೊರಿಯ ಫೋನುಗಳಿಗಾಗಿ ನಡುವೆ ಒಂದು ಹಗುರ ಲೋಡಿಂಗ್ ಸೀನ್ ಇಟ್ಟು, ಹಳೆಯದನ್ನು ಪೂರ್ತಿ ಇಳಿಸಿದ ಮೇಲೆ ಹೊಸದನ್ನು ಏರಿಸುವುದು ಒಳ್ಳೆಯದು.

ಎಷ್ಟು ಹೊತ್ತು ಕಾಯಿಸಬಹುದು? ಬಳಕೆಸುಲಭತೆಯ ತಜ್ಞ ಯಾಕೋಬ್ ನೀಲ್ಸನ್ 1993ರಲ್ಲಿ ಮುಂದಿಟ್ಟ ಅಳತೆ ಇಂದಿಗೂ ಕೆಲಸಕ್ಕೆ ಬರುತ್ತದೆ: 0.1 ಸೆಕೆಂಡ್ ಒಳಗಾದರೆ ತಕ್ಷಣ ಎನಿಸುತ್ತದೆ, 1 ಸೆಕೆಂಡ್‌ವರೆಗೆ ಯೋಚನೆಯ ಎಳೆ ಕಡಿಯುವುದಿಲ್ಲ, 10 ಸೆಕೆಂಡ್ ದಾಟಿದರೆ ಗಮನ ಬೇರೆಡೆಗೆ ಹೋಗುತ್ತದೆ. ದಿನಕ್ಕೆ ಹತ್ತಾರು ಸಲ ಕಾಣುವ ಮೆನು ಟ್ರಾನ್ಸಿಷನ್‌ಗೆ ಒಂದು ಸೆಕೆಂಡ್ ಕೂಡ ದುಬಾರಿ.

ಫೋನಿನಲ್ಲಿ ಆಟವೇ ಒಡೆಯನಲ್ಲ. ಕರೆ ಬರುತ್ತದೆ, ಬೇರೆ ಆ್ಯಪ್ ತೆರೆಯುತ್ತಾರೆ. ಹಿನ್ನೆಲೆಗೆ ಸರಿದ ಆಟವನ್ನು ಆಂಡ್ರಾಯ್ಡ್ ಮೆಮೊರಿ ಸಾಲದಾದಾಗ ಕೊಂದುಹಾಕಬಹುದು. ಆದ್ದರಿಂದ ಮರೆಗೆ ಸರಿಯುವ ಗಳಿಗೆಯಲ್ಲೇ ಎಲ್ಲಿದ್ದೆವು, ಏನಾಗಿತ್ತು ಎಂಬುದು ಉಳಿತಾಯವಾಗಬೇಕು, ಮರಳಿ ಬಂದಾಗ ನೇರ ಆಟಕ್ಕೆ ನೂಕದೆ ಪಾಜ್ ಪರದೆ ತೋರಿಸಬೇಕು. ಫೇಡ್ ನಡೆಯುತ್ತಿರುವಾಗಲೇ ಕರೆ ಬಂದರೆ? ಆಗ ಎರಡರಲ್ಲಿ ಯಾವ ಪರದೆ ಎಂದು ಉಳಿಸುವುದು? ಮ್ಯಾನೇಜರ್ ಬಳಿ ‘ಗುರಿ ಇದು’ ಎಂಬ ದಾಖಲೆ ಇದ್ದರೆ ಮಾತ್ರ ಇದಕ್ಕೆ ಉತ್ತರವಿದೆ. ಬ್ಯಾಕ್ ಬಟನ್‌ಗೂ ಪ್ರತಿ ಪರದೆಯಲ್ಲಿ ಒಂದು ಖಚಿತ ಅರ್ಥವಿರಬೇಕು, ಆಟದ ನಡುವೆ ಅದು ಪಾಜ್ ಆಗಬೇಕೇ ಹೊರತು ಆಟವನ್ನೇ ಮುಚ್ಚಬಾರದು.

ಕಣ್ಣಿಗೆ, ಓದಿಗೆ

ಟ್ರಾನ್ಸಿಷನ್ ದೇಹಕ್ಕೂ ತಾಗುತ್ತದೆ. ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಸಲ ಮಿಂಚುವ ದೃಶ್ಯ ಕೆಲವರಲ್ಲಿ ಅಪಸ್ಮಾರವನ್ನು ಕೆರಳಿಸಬಹುದೆಂದು ವೆಬ್‌ನ ಸುಗಮತಾ ಮಾನದಂಡಗಳು ಆ ಮಿತಿಯನ್ನು ಹಾಕಿವೆ. ಗೇಮ್‌ಗಳಿಗೂ ಅದು ಸಲ್ಲಬೇಕು. 2013ರಲ್ಲಿ ಐಒಎಸ್ 7ರ ಜೂಮ್ ಆಗುವ ಪರದೆಗಳಿಂದ ತಲೆಸುತ್ತು ಬರುತ್ತದೆಂದು ಅನೇಕರು ದೂರಿದ ಮೇಲೆ, ಚಲನೆ ಕಡಿಮೆ ಮಾಡುವ ಆಯ್ಕೆಯಲ್ಲಿ ಜೂಮ್ ಬದಲು ಸರಳ ಫೇಡ್ ಬರುವಂತೆ ಆ್ಯಪಲ್ ತಿದ್ದುಪಡಿ ತಂದಿತು. ಪರಿಣಾಮಗಳನ್ನೆಲ್ಲ ಒಂದೇ ಕಡೆ ಇಟ್ಟ ಆಟದಲ್ಲಿ ಇಂಥ ಆಯ್ಕೆ ಕೊಡುವುದು ಒಂದು ಗಂಟೆಯ ಕೆಲಸ.

ಕನ್ನಡದಲ್ಲಿ ಆಟ ಮಾಡುವವರಿಗೆ ಇನ್ನೊಂದು ಮಾತು. ಒತ್ತಕ್ಷರ, ಗುಣಿತಗಳನ್ನು ಸರಿಯಾಗಿ ಜೋಡಿಸುವ ವ್ಯವಸ್ಥೆ ಎಲ್ಲ ಎಂಜಿನ್‌ಗಳಲ್ಲೂ ಇಲ್ಲ. ಗೊಡೋ 4ರಲ್ಲಿ ಹಾರ್ಫ್‌ಬಝ್ ಬಳಸುವ ಅಕ್ಷರ ವ್ಯವಸ್ಥೆ ಇರುವುದರಿಂದ ಕನ್ನಡ ಚೆನ್ನಾಗಿ ಮೂಡುತ್ತದೆ. ಯೂನಿಟಿಯಲ್ಲಿ ಬಹುಕಾಲ ಬಳಕೆಯಲ್ಲಿರುವ ‘ಟೆಕ್ಸ್ಟ್‌ಮೆಶ್ ಪ್ರೊ’ ತಾನಾಗಿ ಈ ಜೋಡಣೆ ಮಾಡುವುದಿಲ್ಲ. ಕನ್ನಡಕ್ಕೆ ಬೇಕಾಗುವ ಅಕ್ಷರರೂಪಗಳು ಹೆಚ್ಚು, ಅವುಗಳ ಚಿತ್ರ ಮೊದಲ ಸಲ ಕಾಣುವ ಫ್ರೇಮ್‌ನಲ್ಲೇ ತಯಾರಾಗಬೇಕಾದರೆ ಫೇಡ್ ತಡವರಿಸುತ್ತದೆ. ಲೋಡಿಂಗ್ ಹೊತ್ತಿನಲ್ಲೇ ಮುಂದಿನ ಪರದೆಯ ಅಕ್ಷರಗಳನ್ನು ಸಿದ್ಧಮಾಡಿಟ್ಟರೆ ಆ ಮುಗ್ಗರಿಕೆ ಇರುವುದಿಲ್ಲ.

ಸದ್ಯದ ತೀರ್ಮಾನ

ಇಷ್ಟನ್ನೂ ಒಟ್ಟಿಗಿಟ್ಟು ನೋಡಿದರೆ, ಎಂಜಿನ್‌ಗಳು ಪರದೆ ಬದಲಿಸುವ ಸಲಕರಣೆಯನ್ನು ಧಾರಾಳವಾಗಿ ಕೊಟ್ಟಿವೆ, ಬದಲಿಸುವ ನೀತಿಯನ್ನು ನಮಗೆ ಬಿಟ್ಟಿವೆ. ಅದು ಸರಿಯೂ ಹೌದು, ಏಕೆಂದರೆ ಪದಬಂಧದ ಆಟಕ್ಕೂ ಯುದ್ಧದ ಆಟಕ್ಕೂ ಒಂದೇ ನೀತಿ ಹೊಂದುವುದಿಲ್ಲ. ಆದರೆ ನೀತಿ ಇರಲೇಬೇಕು. ಪರದೆಗಳು ಒಂದನ್ನೊಂದು ನೇರವಾಗಿ ಕರೆಯಬಾರದು, ಮ್ಯಾನೇಜರ್‌ಗೆ ಹೆಸರು ಹೇಳಿ ಕೇಳಬೇಕು. ಹಾಡು, ಉಳಿತಾಯ, ಗಡಿಯಾರ ಪರದೆಗಳಿಂದ ಆಚೆಗಿರಬೇಕು. ದಾಟುವಿಕೆ ಒಂದು ಸ್ಥಿತಿಯಾಗಿ ದಾಖಲಾಗಬೇಕು, ಆ ಸ್ಥಿತಿಯಲ್ಲಿ ಸ್ಪರ್ಶಕ್ಕೆ ಬೀಗವಿರಬೇಕು.

ಇದನ್ನು ಪರೀಕ್ಷಿಸಲು ದುಬಾರಿ ಉಪಕರಣ ಬೇಕಿಲ್ಲ. ಪ್ರತಿ ಬಟನನ್ನೂ ಬೇಗಬೇಗ ಎರಡು ಸಲ ಒತ್ತಿ ನೋಡಿ. ಫೇಡ್ ನಡುವೆ ಬ್ಯಾಕ್ ಒತ್ತಿ. ಪಾಜ್‌ನಿಂದ ಮೆನುಗೆ ಹೋಗಿ ಹೊಸ ಆಟ ಶುರುಮಾಡಿ. ಲೋಡಿಂಗ್ ನಡುವೆ ಇನ್ನೊಂದು ಫೋನಿನಿಂದ ಕರೆ ಮಾಡಿ. ಮೆನುವಿಗೂ ಆಟಕ್ಕೂ ನೂರು ಸಲ ಓಡಾಡಿ ಮೆಮೊರಿಯ ಅಂಕಿ ಏರಿದೆಯೇ ಗಮನಿಸಿ. ಈ ಐದೂ ಪರೀಕ್ಷೆ ಪಾಸಾಗುವ ಮ್ಯಾನೇಜರನ್ನು ಎರಡು ಖಾಲಿ ಪರದೆಗಳ ನಡುವೆ, ಆಟದ ಮೊದಲ ಲೆವೆಲ್ ಬರೆಯುವ ಮುಂಚೆಯೇ ಕಟ್ಟಿಕೊಳ್ಳಿ ಎಂಬುದು ಹೊಸ ತಂಡಗಳಿಗೆ ನನ್ನ ಒತ್ತಾಯದ ಸಲಹೆ. ಆಮೇಲೆ ಸೇರಿಸುವ ಪ್ರತಿ ಪರದೆಯೂ ಆ ಭದ್ರತೆಯನ್ನು ಪುಕ್ಕಟೆಯಾಗಿ ಪಡೆಯುತ್ತದೆ.